ಹತ್ತನೇ ತರಗತಿಗೆ ಟಿಡಿ ಚುಚ್ಚುಮದ್ದು: ಅದಕ್ಕೂ ಮೊದಲು ಮಕ್ಕಳಿಗೆ ಏನು ಕಲಿಸಬೇಕು, ಹೇಗೆ?

ಬ್ಯಾಡಗಿ_ವಿಜ್ಞಾನ

ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆ. ಮುಂದಿನ ತಿಂಗಳು ಪ್ರಾಥಮಿಕ ಆರೋಗ್ಯ ಕೇಂದ್ರದವರು ಬಂದು ಹತ್ತನೇ ತರಗತಿಯವರಿಗೆ ಟಿಡಿ (ಧನುರ್ವಾಯು ಮತ್ತು ಗಂಟಲಮಾರಿ ಅಂದರೆ ಡಿಫ್ತೀರಿಯಾ ತಡೆಯುವ) ಚುಚ್ಚುಮದ್ದು ಹಾಕುತ್ತಾರೆ. ಅದರೊಳಗೆ 40 ನಿಮಿಷದ ಮೂರು ಪಿರಿಯಡ್ ಸಿಗುತ್ತವೆ. ಮಕ್ಕಳು 40. ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ಜೆನ್ನರ್ ಹೆಸರು, ಪ್ರತಿಕಾಯ ಅನ್ನುವ ಪದ ಬಂದು ಹೋಗಿವೆ. ಅಷ್ಟೇ.

ಪಾಲಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಗಲೇ ಒಂದು ಆಡಿಯೋ ಓಡಾಡುತ್ತಿದೆ, ಈ ಸೂಜಿಯಿಂದ ಹುಡುಗಿಯರಿಗೆ ಮುಂದೆ ಮಕ್ಕಳಾಗುವುದಿಲ್ಲ ಅಂತ. ಅದರ ಬೆನ್ನಿಗೆ ಕೋವಿಡ್ ಲಸಿಕೆ ಮತ್ತು ಹೃದಯಾಘಾತದ ಮಾತು. ಮಕ್ಕಳು ತರಗತಿಯಲ್ಲಿ ಇದನ್ನೇ ಕೇಳುತ್ತಾರೆ. ಜೊತೆಗೆ "ಗಾಯ ಆದಾಗಲೆಲ್ಲ ಟಿಟಿ ಹಾಕಿಸಿದ್ದೀವಲ್ಲ, ಮತ್ತೆ ಯಾಕೆ?" ಅನ್ನುವ ಪ್ರಶ್ನೆ, ಅದು ನ್ಯಾಯವಾದದ್ದೇ.

ಒಂದು ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಎಡಕ್ಕೆ ವದಂತಿ, ಬಲಕ್ಕೆ ಸತ್ಯ ಬರೆದು ಗೋಡೆಗೆ ಹಚ್ಚುವ ಯೋಚನೆ ಇದೆ. ಅದು ಕೆಲಸ ಮಾಡುತ್ತದಾ? ಲ್ಯಾಬ್ ಅಂತ ಹೆಚ್ಚೇನಿಲ್ಲ, ಲೋಟ, ಅರಿಶಿನ, ಸೋಡಾ ಸಿಗುತ್ತವೆ. ಸೂಜಿ ಹಾಕುವ ದಿನ ಒಬ್ಬರು ತಲೆಸುತ್ತಿ ಬಿದ್ದರೆ ಸಾಲಾಗಿ ಬೀಳುತ್ತಾರಲ್ಲ, ಅದಕ್ಕೇನು ಮಾಡಬೇಕು ಅನ್ನುವುದನ್ನೂ ಹೇಳಿ.

ಗದಗ_ಪಿಎಚ್‌ಸಿ

ಮೊದಲು ಟಿಡಿ ಬಗ್ಗೆ. ಇದರಲ್ಲಿರುವುದು ಧನುರ್ವಾಯು ಮತ್ತು ಗಂಟಲಮಾರಿಯ ಟಾಕ್ಸಾಯ್ಡ್. ಅಂದರೆ ಆ ಬ್ಯಾಕ್ಟೀರಿಯಾಗಳು ಉಗುಳುವ ವಿಷವನ್ನು ಫಾರ್ಮಾಲ್ಡಿಹೈಡ್‌ನಿಂದ ನಿಷ್ಕ್ರಿಯ ಮಾಡಿದ್ದು. ಜೀವಂತ ರೋಗಾಣು ಇಲ್ಲ, ಸತ್ತ ರೋಗಾಣುವೂ ಇಲ್ಲ. ಹೀಗಾಗಿ ಲಸಿಕೆಯಿಂದಲೇ ಆ ರೋಗ ಬರುವ ಪ್ರಶ್ನೆ ಏಳುವುದಿಲ್ಲ. ಪ್ರಮಾಣ 0.5 ಮಿಲಿ, ತೋಳಿನ ಮೇಲ್ಭಾಗದ ಸ್ನಾಯುವಿಗೆ. ರಾಷ್ಟ್ರೀಯ ವೇಳಾಪಟ್ಟಿಯಲ್ಲಿ 10 ಮತ್ತು 16 ವರ್ಷಕ್ಕೆ. ಶಾಲೆಯ ಲೆಕ್ಕದಲ್ಲಿ ಐದನೇ ಮತ್ತು ಹತ್ತನೇ ತರಗತಿ.

"ಮತ್ತೆ ಯಾಕೆ" ಅನ್ನುವುದಕ್ಕೆ ಎರಡು ಉತ್ತರ. ಮೊದಲಿನ ಟಿಟಿಯಲ್ಲಿ ಗಂಟಲಮಾರಿಯ ಭಾಗ ಇರಲಿಲ್ಲ, ಟಿಡಿಯಲ್ಲಿ ಇದೆ. ಚಿಕ್ಕವರಿದ್ದಾಗ ಪಡೆದ ಡಿಪಿಟಿಯ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿದ ಲಸಿಕೆ) ರಕ್ಷಣೆ ವರ್ಷ ಕಳೆದಂತೆ ಇಳಿಯುತ್ತದೆ. ಕೊನೆಯ ಡಿಪಿಟಿ 5–6ನೇ ವರ್ಷದ್ದು. ಆಮೇಲೆ ಗಂಟಲಮಾರಿಗೆ ಬೂಸ್ಟರ್ ಸಿಗದೆ ಹೋದರೆ ಹದಿಹರೆಯದವರೇ ಬಲಿಯಾಗುತ್ತಾರೆ. ಇತ್ತೀಚೆಗೆ ಗಾಯಕ್ಕೆ ಟಿಡಿ ಹಾಕಿಸಿಕೊಂಡ ಮಗು ಇದ್ದರೆ ಚೀಟಿ ತರಲಿ, ಸಿಬ್ಬಂದಿ ನೋಡಿ ಹೇಳುತ್ತಾರೆ.

ಮಕ್ಕಳಾಗುವುದಿಲ್ಲ ಅನ್ನುವ ಮಾತು ನಮ್ಮ ಕಡೆ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಫಿಲಿಪ್ಪೀನ್ಸ್‌ನಲ್ಲಿ, 2014ರಲ್ಲಿ ಕೆನ್ಯಾದಲ್ಲಿ ಇದೇ ಧನುರ್ವಾಯು ಲಸಿಕೆಗೆ ಇದೇ ಆರೋಪ ಬಂದಿತ್ತು. ಇದಕ್ಕೆ ತರಗತಿಯಲ್ಲೇ ಸಿಗುವ ಉತ್ತರ ಒಂದಿದೆ: ಮಕ್ಕಳು ಮನೆಗೆ ಹೋಗಿ ಅವ್ವನ ತಾಯಿ ಕಾರ್ಡ್ ನೋಡಲಿ. ಗರ್ಭಿಣಿಯಿದ್ದಾಗ ಟಿಟಿ ಹಾಕಿಸಿದ ತಾರೀಕು ಅದರಲ್ಲಿರುತ್ತದೆ. ಧನುರ್ವಾಯು ಲಸಿಕೆಯನ್ನು ಈ ದೇಶ ದಶಕಗಳಿಂದ ಕೊಡುತ್ತಿರುವುದೇ ಬಸುರಿಯರಿಗೆ. ಹೊಕ್ಕುಳಬಳ್ಳಿಯ ಮೂಲಕ ಬರುವ ನವಜಾತ ಧನುರ್ವಾಯುವನ್ನು ಭಾರತ ನಿವಾರಿಸಿದೆ ಅಂತ 2015ರಲ್ಲಿ ದೃಢಪಟ್ಟದ್ದಕ್ಕೆ ಆ ಲಸಿಕೆ, ಆಸ್ಪತ್ರೆ ಹೆರಿಗೆ ಎರಡೂ ಕಾರಣ. ಹಾಂ, ಕಾರ್ಡನ್ನು ಶಾಲೆಗೆ ತರಿಸಬೇಡಿ. ಅದರಲ್ಲಿ ಖಾಸಗಿ ವಿವರಗಳಿರುತ್ತವೆ. ಮನೆಯಲ್ಲೇ ನೋಡಿ ಬಂದರೆ ಸಾಕು.

ಈಗ ತಲೆಸುತ್ತಿನ ವಿಷಯ. ಇದು ಔಷಧದ ದೋಷವಲ್ಲ, ಹೆದರಿಕೆಯಿಂದ ನಾಡಿ ನಿಧಾನವಾಗಿ ರಕ್ತದೊತ್ತಡ ಕುಸಿಯುವುದು. ಹದಿಹರೆಯದಲ್ಲಿ ಹೆಚ್ಚು. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಹಬ್ಬುವುದೂ ನಿಜ, ಅದಕ್ಕೆ ಕೊಠಡಿಯ ಜೋಡಣೆಯೇ ಮದ್ದು. ಕಾಯುವ ಕೋಣೆ, ಸೂಜಿ ಹಾಕುವ ಕೋಣೆ, ಆಮೇಲೆ ಕೂರುವ ಕೋಣೆ ಬೇರೆ ಬೇರೆ ಇರಲಿ. ಒಂದು ಬಾಗಿಲಿಂದ ಒಳಗೆ, ಇನ್ನೊಂದರಿಂದ ಹೊರಗೆ. ಕಾಯುವವರಿಗೆ ಸೂಜಿ ಕಾಣಬಾರದು, ಅಳು ಕೇಳಬಾರದು. ತೀರ ಹೆದರುವವರನ್ನು ಕೊನೆಗೆ ಉಳಿಸಿಕೊಳ್ಳಬೇಡಿ, ಕಾದಷ್ಟೂ ಹೆದರಿಕೆ ಬೆಳೆಯುತ್ತದೆ. ಪ್ರಾರ್ಥನೆ ಮುಗಿಸಿ ಬಿಸಿಲಲ್ಲಿ ಸಾಲು ನಿಲ್ಲಿಸುವುದು, ಖಾಲಿ ಹೊಟ್ಟೆ, ಇವೆರಡು ಸೇರಿದರೆ ಅರ್ಧ ತಲೆಸುತ್ತು ನಾವೇ ತಂದುಕೊಂಡಂತೆ. ಬೆಳಗಿನ ಹಾಲು ಕುಡಿದ ಮೇಲೆ ಅಥವಾ ಬಿಸಿಯೂಟ ಆದಮೇಲೆ ಇಟ್ಟುಕೊಳ್ಳಿ. ಕೂರಿಸಿಯೇ ಹಾಕಬೇಕು. ಆಮೇಲೆ 30 ನಿಮಿಷ ಅಲ್ಲೇ ಇರಬೇಕು, ಮೆಟ್ಟಿಲು ಹತ್ತಬಾರದು. ನಿಜವಾದ ಪೆಟ್ಟಾಗುವುದು ಬಿದ್ದು ತಲೆ ಬಡಿದಾಗಲೇ.

ತಲೆಸುತ್ತಿದವರನ್ನು ಮಲಗಿಸಿ ಕಾಲು ಎತ್ತರಿಸಿ. ಮುಖ ಬಿಳಚಿ, ತಣ್ಣನೆ ಬೆವರು, ನಿಧಾನ ನಾಡಿ. ಒಂದೆರಡು ನಿಮಿಷಕ್ಕೆ ಸುಧಾರಿಸುತ್ತಾರೆ. ತೀವ್ರ ಅಲರ್ಜಿ ಹೀಗಿರುವುದಿಲ್ಲ: ಮೈಮೇಲೆ ದದ್ದು, ತುಟಿ ಬಾವು, ಉಸಿರಾಟದಲ್ಲಿ ಸಿಳ್ಳೆ, ವೇಗದ ನಾಡಿ, ಮಲಗಿಸಿದರೂ ಸುಧಾರಣೆ ಇಲ್ಲ. ಅದು ಬಹಳ ಅಪರೂಪ. ಬಂದರೆ ತಕ್ಷಣ ಅಡ್ರಿನಲಿನ್ ಬೇಕು, ತಂಡದ ಕಿಟ್‌ನಲ್ಲಿ ಇರುತ್ತದೆ. ಆ ಕಿಟ್ ಯಾವ ಮೇಜಿನ ಮೇಲಿದೆ ಅನ್ನುವುದು ಮುಖ್ಯಶಿಕ್ಷಕರಿಗೆ ಮೊದಲೇ ಗೊತ್ತಿರಲಿ.

ಉಣಕಲ್_ಲ್ಯಾಬ್

ಅರಿಶಿನ, ಸೋಡಾ ಇದ್ದರೆ ಒಂದು ಪಿರಿಯಡ್ ಆರಾಮಾಗಿ ಹೋಗುತ್ತದೆ. ದಡಾರದಂಥ ರೋಗ ಹೇಗೆ ಹರಡುತ್ತದೆ, ಲಸಿಕೆ ಅದನ್ನು ಹೇಗೆ ತಡೆಯುತ್ತದೆ ಅನ್ನುವುದಕ್ಕೆ ನೀರಿನ ಆಟ.

40 ಲೋಟ, 150 ಮಿಲಿಗೆ ಕಡಿಮೆ ಇರದಂಥವು. ಪ್ರತಿಯೊಂದಕ್ಕೂ 50 ಮಿಲಿ ನೀರು. ಒಂದು ಲೋಟಕ್ಕೆ ಮಾತ್ರ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಪೂರ್ತಿ ಕರಗಿಸಿ. ತಳದಲ್ಲಿ ಪುಡಿ ಕಂಡರೆ ಗುಟ್ಟು ರಟ್ಟಾಗುತ್ತದೆ. ಕರಗುವಾಗ ಬೆಚ್ಚಗಾಗುವುದರಿಂದ ಅರ್ಧ ಗಂಟೆ ಮೊದಲೇ ಮಾಡಿಡಿ. ಯಾರ ಲೋಟ ಅಂತ ನಿಮಗೂ ಗೊತ್ತಿರದಂತೆ ಬೇರೆ ಶಿಕ್ಷಕರು ಇಟ್ಟರೆ ಇನ್ನೂ ಚೆಂದ. ಮಕ್ಕಳು ಜೋಡಿಯಾಗಿ ಬಂದು ಒಬ್ಬರ ನೀರನ್ನು ಇನ್ನೊಬ್ಬರ ಲೋಟಕ್ಕೆ ಪೂರ್ತಿ ಸುರಿದು, ಅರ್ಧ ವಾಪಸ್ ತೆಗೆದುಕೊಳ್ಳಬೇಕು. ಮೂರು ಸುತ್ತು, ಪ್ರತಿ ಸುತ್ತಿಗೂ ಹೊಸ ಜೋಡಿ. ಕೊನೆಗೆ ಪ್ರತಿ ಲೋಟಕ್ಕೆ ನಾಲ್ಕೈದು ಹನಿ ಅರಿಶಿನದ ದ್ರಾವಣ. ಅರ್ಧ ಚಮಚ ಅರಿಶಿನವನ್ನು 50 ಮಿಲಿ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಸಿ ಬಟ್ಟೆಯಲ್ಲಿ ಸೋಸಿದರೆ ದ್ರಾವಣ ಸಿದ್ಧ. ಸೋಂಕಿದ ಲೋಟ ಕೆಂಪಾಗುತ್ತದೆ, ಉಳಿದದ್ದು ಹಳದಿ.

ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗುತ್ತದೆ. ಸೋಡಾ ಎಂಟನೇ ಒಂದು ಭಾಗಕ್ಕೆ ಇಳಿದಿದ್ದರೂ ಅರಿಶಿನ ಕೆಂಪಾಗಲು ಧಾರಾಳ ಸಾಕು.

ಎರಡನೇ ಆಟದಲ್ಲಿ 20 ಲೋಟಕ್ಕೆ ಮುಚ್ಚಳ. ಮುಚ್ಚಳ ಇದ್ದವರು ಜೋಡಿಯಾಗಿ ಬರುತ್ತಾರೆ, ನೀರು ಬೆರೆಸುವುದಿಲ್ಲ. ಸರಾಸರಿ ಮೂರು–ನಾಲ್ಕು ಲೋಟ ಕೆಂಪಾಗುತ್ತವೆ. ಮೂರನೇ ಆಟದಲ್ಲಿ 36 ಮುಚ್ಚಳ. ಬಹುತೇಕ ಒಂದೋ ಎರಡೋ. ಮುಚ್ಚಳ ಇಲ್ಲದ ಮೂವರೂ ಬಚಾವಾದದ್ದು ಯಾಕೆ ಅಂತ ಕೇಳಿ. ಅಲ್ಲಿಂದ ಪಾಠ ತಾನಾಗಿ ಹೊರಡುತ್ತದೆ. ಒಮ್ಮೊಮ್ಮೆ 20 ಮುಚ್ಚಳದ ಆಟದಲ್ಲೂ ಆರು ಕೆಂಪಾಗಬಹುದು. ಅದನ್ನು ಮುಚ್ಚಿಡಬೇಡಿ, ಇನ್ನೊಮ್ಮೆ ಆಡಿಸಿ. ಒಂದೇ ಸಲದ ಫಲಿತಾಂಶ ನೋಡಿ ತೀರ್ಮಾನ ಕೊಡಬಾರದು ಅನ್ನುವುದೂ ಅವರು ಕಲಿಯಬೇಕಾದದ್ದೇ.

ಎಡವಟ್ಟಾಗುವ ಜಾಗಗಳು: ಒಂದು, ಕೊಳವೆಬಾವಿ ನೀರು. ನಮ್ಮ ಕಡೆಯದು ಗಡಸು, ಕೆಲವು ಕಡೆ ಕ್ಷಾರೀಯ. ಹಿಂದಿನ ದಿನ ಬರೀ ನೀರಿಗೆ ಅರಿಶಿನ ಹಾಕಿ ನೋಡಿ. ಬಣ್ಣ ತಿರುಗಿದರೆ ಶುದ್ಧ ನೀರಿನ ಘಟಕದ ಕ್ಯಾನ್ ತನ್ನಿ. ಎರಡು, ಸೋಪಿನಲ್ಲಿ ತೊಳೆದು ಸರಿಯಾಗಿ ಜಾಲಿಸದ ಲೋಟ. ಅದೂ ಕೆಂಪಾಗುತ್ತದೆ. ಮೂರು, ಕೆಲವರು "ಲಸಿಕೆ ಪಡೆದ" ಲೋಟಕ್ಕೆ ನಿಂಬೆರಸ ಅಥವಾ ವಿನೆಗರ್ ಹಾಕಿಸುತ್ತಾರೆ. ಹಾಗೆ ಮಾಡಬೇಡಿ. ಆಮ್ಲವು ಸೋಂಕಿದವರ ಲೋಟದ ಸೋಡಾವನ್ನೂ ತಟಸ್ಥ ಮಾಡಿಬಿಡುತ್ತದೆ. ಲಸಿಕೆ ಹಾಕಿಸಿಕೊಂಡವರನ್ನು ಮುಟ್ಟಿದರೆ ರೋಗಿಗೆ ವಾಸಿ ಅನ್ನುವ ಹೊಸ ಮೂಢನಂಬಿಕೆಯನ್ನು ನಾವೇ ಹುಟ್ಟಿಸಿದ ಹಾಗೆ. ನಾಲ್ಕು, ಸೋಡಾ ಬದಲು ಸುಣ್ಣ ಬೇಡ, ಕಣ್ಣಿಗೆ ಸಿಡಿದರೆ ಅಪಾಯ. ಸೋಡಾ ನೀರೂ ಕುಡಿಯುವಂಥದ್ದಲ್ಲ, ಮೊದಲೇ ಹೇಳಿ.

ಇದಕ್ಕಿಂತ ದೊಡ್ಡ ಎಚ್ಚರ: ಈ ಆಟವನ್ನು ಧನುರ್ವಾಯುವಿಗೆ ಹೊಂದಿಸಬೇಡಿ. ಧನುರ್ವಾಯು ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ, ಅದರ ಬೀಜಾಣು ಮಣ್ಣಿನಲ್ಲಿ, ಸೆಗಣಿಯಲ್ಲಿ ಇರುತ್ತದೆ. ಊರಿನವರೆಲ್ಲ ಹಾಕಿಸಿಕೊಂಡು ನೀವೊಬ್ಬರು ಬಿಟ್ಟರೆ ಊರು ನಿಮ್ಮನ್ನು ಕಾಯುವುದಿಲ್ಲ. ಟಿಡಿಯಲ್ಲಿರುವ ಎರಡು ರೋಗಗಳಲ್ಲಿ ಗಂಟಲಮಾರಿ ಹರಡುವಂಥದ್ದು, ಧನುರ್ವಾಯು ಅಲ್ಲ. ಈ ಫರಕು ಹಿಡಿದ ಹುಡುಗ ಪರೀಕ್ಷೆಗೂ ಬಚಾವು.

ಲಕ್ಷ್ಮೇಶ್ವರ_ಎಸ್‌ಡಿಎಂಸಿ

ನೀರಿನ ಆಟ ಚೆಂದ ಐತಿ. ಆದ್ರ ಪಾಲಕರ ಮಾತು ಬೇರೆ: "ಲಸಿಕೆ ಹಾಕಿಸಿಕೊಂಡವರಿಗೂ ದಡಾರ ಬಂದೈತಿ, ಹಂಗಿದ್ರ ಯಾಕ ಹಾಕಿಸಬೇಕು?" ಇದಕ್ಕ ಹುಡುಗರು ಏನು ಹೇಳಬೇಕು? ಮತ್ತ, ವದಂತಿ–ಸತ್ಯ ಚಾರ್ಟ್ ಹಚ್ಚಿದ್ರ ತಪ್ಪೇನು? ಮೂರು ಪಿರಿಯಡ್‌ನ್ಯಾಗ ಅದ ಸಲೀಸು.

ಉಣಕಲ್_ಲ್ಯಾಬ್

ಮೊದಲನೆಯದಕ್ಕೆ ಲೆಕ್ಕ ಹಾಕಿಸಿ. ಬೋರ್ಡ್ ಮೇಲೆ 1000 ಮಕ್ಕಳ ಕಾಲ್ಪನಿಕ ಶಾಲೆ. 950 ಮಂದಿಗೆ ಎರಡು ಡೋಸ್ ಆಗಿದೆ, 50 ಮಂದಿಗೆ ಒಂದೂ ಇಲ್ಲ. ದಡಾರ ಬಂತು. ರಕ್ಷಣೆ ಇಲ್ಲದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಅಂಟುತ್ತದೆ, ಅಂದರೆ 45. ಎರಡು ಡೋಸ್ ಸುಮಾರು ನೂರಕ್ಕೆ 97ರಷ್ಟು ಕಾಯುತ್ತದೆ, ಅಂದರೆ 950ರಲ್ಲಿ 28 ಮಂದಿಗೆ ಬರಬಹುದು. ಒಟ್ಟು ರೋಗಿಗಳು 73. "ದಡಾರ ಬಂದವರಲ್ಲಿ ನೂರಕ್ಕೆ 38 ಮಂದಿ ಲಸಿಕೆ ಪಡೆದವರೇ!" ಅಂತ ಸುದ್ದಿ ಬರೆಯಬಹುದು, ಸುಳ್ಳಲ್ಲ. ಆದರೆ 50ಕ್ಕೆ 45 ಎಲ್ಲಿ, 950ಕ್ಕೆ 28 ಎಲ್ಲಿ?

ಕೆಳಗಿನ ಸಂಖ್ಯೆ ಏನು, ಅಂದರೆ ಎಷ್ಟರಲ್ಲಿ ಎಷ್ಟು, ಅಂತ ಕೇಳುವ ಅಭ್ಯಾಸ ಒಂದು ಬಂದರೆ ಅರ್ಧ ಫಾರ್ವರ್ಡ್‌ಗಳು ಅಲ್ಲೇ ಬೀಳುತ್ತವೆ. ಹೃದಯಾಘಾತದ ಪ್ರಶ್ನೆಗೂ ಇದೇ ಸಾಧನ. 2025ರ ಬೇಸಿಗೆ ಮುಗಿದ ಮೇಲೆ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೊದಲು ಕೇಳಬೇಕಿದ್ದ ಪ್ರಶ್ನೆ: ಅಷ್ಟು ಜನಸಂಖ್ಯೆಯ ಜಿಲ್ಲೆಯಲ್ಲಿ ಹಿಂದಿನ ವರ್ಷಗಳ ಅದೇ ವಾರಗಳಲ್ಲಿ ಎಷ್ಟು ಮಂದಿ ಹೃದಯಾಘಾತದಿಂದ ತೀರಿಕೊಂಡಿದ್ದರು? ದೇಶದಲ್ಲಿ ವಯಸ್ಕರು ಬಹುಪಾಲು ಎಲ್ಲರೂ ಲಸಿಕೆ ಪಡೆದವರೇ ಆಗಿರುವಾಗ, ಯಾವ ಕಾರಣಕ್ಕೆ ಸತ್ತರೂ ಸತ್ತವರು ಲಸಿಕೆ ಪಡೆದವರೇ ಆಗಿರುತ್ತಾರೆ. ಅದಕ್ಕೇ ಹೋಲಿಕೆ ಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2023ರಲ್ಲಿ 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ ಮಾಡಿದ್ದು ಅದನ್ನೇ: 18–45 ವರ್ಷದವರಲ್ಲಿ ಹಠಾತ್ತನೆ ಸತ್ತವರನ್ನು ಅದೇ ವಯಸ್ಸಿನ, ಅದೇ ಪ್ರದೇಶದ ಬದುಕಿರುವವರ ಜೊತೆ ಹೋಲಿಸಿದರು. ಕೋವಿಡ್ ಲಸಿಕೆ ಅಪಾಯ ಹೆಚ್ಚಿಸಿರಲಿಲ್ಲ. ಹೆಚ್ಚಿಸಿದ್ದು ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು, ಸಾವಿನ ಹಿಂದಿನ ಎರಡು ದಿನ ಮಿತಿಮೀರಿ ಕುಡಿದದ್ದು, ಒಮ್ಮೆಲೇ ವಿಪರೀತ ದೈಹಿಕ ಶ್ರಮ, ಇಂಥವು. ಹಾಗಂತ ಆ ಲಸಿಕೆಗಳಿಗೆ ಅಡ್ಡಪರಿಣಾಮವೇ ಇರಲಿಲ್ಲ ಅನ್ನಬೇಡಿ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿದ್ದು ದಾಖಲಾಗಿದೆ. ಹೃದಯಸ್ನಾಯುವಿನ ಉರಿಯೂತದ ವಿದೇಶಿ ವರದಿಗಳು ಮುಖ್ಯವಾಗಿ ಎಂಆರ್‌ಎನ್‌ಎ ಅನ್ನುವ ಬೇರೆ ಬಗೆಯ ಲಸಿಕೆಗಳವು, ಇಲ್ಲಿ ಜನ ಹಾಕಿಸಿಕೊಂಡದ್ದು ಬಹುಪಾಲು ಕೋವಿಶೀಲ್ಡ್, ಕೋವ್ಯಾಕ್ಸಿನ್.

ಕಪ್ಪತಗುಡ್ಡ

ಚಾರ್ಟಿನ ಮಾತಿಗೆ ನಾ ಹೇಳ್ತೀನ್ರಿ. ಎಡಕ್ಕ ದೊಡ್ಡ ಅಕ್ಷರದಾಗ ವದಂತಿ ಬರದ್ರ, ಹುಡುಗ್ರು ದಿನಾ ಓದೋದು ಅದನ್ನ. ಪದೇ ಪದೇ ಕಣ್ಣಿಗೆ ಬಿದ್ದ ಮಾತು ಖರೇ ಅನಸ್ತದ, ಇದು ಮನಶ್ಶಾಸ್ತ್ರದಾಗ ಗಟ್ಟಿಯಾಗಿ ಕಂಡುಬಂದ ಸಂಗತಿ. ಅದಕ್ಕ ಖರೇ ಮಾತು ಮೊದಲ ಹೇಳ್ರಿ, ವದಂತಿ ನಡುವ ಒಂದ ಸಲ, ಅದು ಯಾಕ ತಪ್ಪು ಅನ್ನೋದು, ಮತ್ತ ಖರೇ ಮಾತು. ಗೋಡೆಗೆ ಹಚ್ಚೋದಿದ್ರ ಖರೇ ಮಾತಷ್ಟ ಹಚ್ಚರಿ. ಇನ್ನೊಂದು, ಚಾರ್ಟಿನಾಗ ಇರೋದು ಈ ವರ್ಷದ ಹತ್ತು ವದಂತಿ. ಮುಂದಿನ ವರ್ಷ ಹನ್ನೊಂದನೇದು ಬರ್ತದ, ಆಗೇನು?

ಅದಕ್ಕ ಹಿಕಮತ್ತು ಕಲಿಸಬೇಕು. ಜನರನ್ನ ನಂಬಸೋ ಹಿಕಮತ್ತು ಐದಾರ ಅವ: ಹೆಸರಿಲ್ಲದ "ದೊಡ್ಡ ಡಾಕ್ಟರ್", ಹೆದರಿಕಿ, "ನಿಮ್ಮಿಂದ ಮುಚ್ಚಿಟ್ಟಾರ", ಒಬ್ಬರ ಕಥಿ, "ನೈಸರ್ಗಿಕ ಅಂದ್ರ ಅಪಾಯ ಇಲ್ಲ", "ಹತ್ತು ಮಂದಿಗೆ ಕಳಸ್ರಿ". ಐದೈದು ಹುಡುಗ್ರ ಗುಂಪು ಮಾಡಿ, ಒಂದೊಂದು ಗುಂಪಿಗೆ ಎರಡ ಹಿಕಮತ್ತು ಕೊಟ್ಟು, ತಾವ ಒಂದು ಸುಳ್ಳು ಜಾಹೀರಾತು ಬರೀರಿ ಅನ್ರಿ. ಉಳಿದವರು ಹಿಡೀಬೇಕು. 15 ನಿಮಿಷ ಬರಿಯೋದು, 15 ನಿಮಿಷ ಹಿಡಿಯೋದು. ಆದ್ರ ರೋಗದ ಹೆಸರು ಕಾಲ್ಪನಿಕ ಇರಬೇಕು, ಮದ್ದಿನ ಹೆಸರೂ. ಖರೇ ರೋಗದ ಹೆಸರಿಟ್ರ ಸಂಜಿಗೆ ಅದರ ಫೋಟೋ ಊರ ಗುಂಪಿನಾಗ ಇರ್ತದ, ನಿಮ್ಮ ಸಾಲಿ ಹೆಸರಿನ ಜೋಡಿ. ಹಾಳಿ ಮ್ಯಾಲ ಅಡ್ಡಕ್ಕ "ತರಗತಿ ಅಭ್ಯಾಸ" ಅಂತ ದಪ್ಪಗ ಬರಸ್ರಿ, ಪಿರಿಯಡ್ ಮುಗದ ಮ್ಯಾಲ ಎಲ್ಲಾ ಹಾಳಿ ವಾಪಸ್ ತಗೋರಿ.

ಲಸಿಕೆ ಒಂದನ್ನ ಹಿಡದ್ರ ಹುಡುಗ್ರಿಗೆ ಸರ್ಕಾರದ ಪ್ರಚಾರ ಅನಸ್ತದ. ಊರಾಗಿನ ಮಾತನ್ನೂ ಅದ ತಕ್ಕಡಿಗೆ ಹಾಕ್ರಿ. ಕಾಮಣಿಗೆ (ಕಾಮಾಲೆಗೆ) ಮದ್ದು ನೋಡ್ರಿ. ಗಿಡದ ರಸ ಕೈಗೆ ಹಚ್ಚಿ, ಸುಣ್ಣದ ತಿಳಿನೀರಿನಾಗ ತೊಳಸ್ತಾರ, ನೀರು ಹಳದಿ ಆಗ್ತದ, "ಕಾಮಣಿ ಇಳೀತು" ಅಂತಾರ. ಕೇಳಬೇಕಾದ ಪ್ರಶ್ನೆ ಒಂದ: ಕಾಮಣಿ ಇಲ್ಲದವರ ಕೈಗೂ ಅದ ರಸ ಹಚ್ಚಿ ತೊಳದ್ರ ಏನಾಗ್ತದ? ಹಳದಿನ ಆಗ್ತದ. ಬಣ್ಣ ಬಂದದ್ದು ರಸ–ಸುಣ್ಣ ಕೂಡಿದ್ದಕ್ಕ. ಅರಿಶಿನ–ಸೋಡಾ ಆಟ ಆಡಿದ ಹುಡುಗ್ರಿಗೆ ಇದು ಬಿಡಿಸಿ ಹೇಳೂದ ಬ್ಯಾಡ.

ಹಂಗಾದ್ರ ಮಂದಿಗೆ ಯಾಕ ವಾಸಿ ಆಗ್ತದ? ಹೊಲಸು ನೀರಿನಿಂದ ಬರೋ ಹೆಪಟೈಟಿಸ್ ಎ ಹುಡುಗ್ರಾಗ ಬಹುತೇಕ ಕೆಲವು ವಾರಕ್ಕ ತಾನ ಹೋಗ್ತದ. ಮದ್ದು ತಗೊಂಡ್ರೂ ಹೋಗ್ತದ, ಬಿಟ್ರೂ ಹೋಗ್ತದ, ಹೆಸರು ಮಾತ್ರ ಮದ್ದಿಗೆ. ಪಿತ್ತನಾಳ ಕಟ್ಟಿದ್ದು, ಬ್ಯಾರೆ ಯಕೃತ್ತಿನ ರೋಗದ್ದು ಕಾಮಣಿ ಇದ್ರ ಆ ವಾರಗಳ ದುಬಾರಿ ಆಗ್ತಾವ.

ನಾಯಿ ಕಡತದ ಮದ್ದಿನದೂ ಇದ ಲೆಕ್ಕ, ಆದ್ರ ಬಾಳ ಅಪಾಯದ್ದು. ಕಡದ ನಾಯಿಗೆಲ್ಲ ಹುಚ್ಚು ಇರೂದಿಲ್ಲ. ಹುಚ್ಚುನಾಯಿ ಕಡದವರಿಗೂ ಎಲ್ಲಾರಿಗೂ ರೋಗ ಬರೂದಿಲ್ಲ. ಹಿಂಗಾಗಿ ಬೇರು ತಿಂದವರು, ಖಾರದಪುಡಿ ಹಚ್ಚಿಕೊಂಡವರು ಬಾಳ ಮಂದಿ ಬದುಕ್ತಾರ, ಬದುಕಿದವರ ಬಂದು ಸಾಕ್ಷಿ ಹೇಳ್ತಾರ. ರೇಬೀಸ್ ಲಕ್ಷಣ ಬಂದವರು ಸಾಕ್ಷಿ ಹೇಳಾಕ ಉಳಿಯೂದಿಲ್ಲ. ಹುಡುಗ್ರ ಬಾಯಾಗ ಇದು ಕುಂದರಬೇಕು: ಸಾಬೂನು ಹಚ್ಚಿ ಹರಿಯೋ ನೀರಾಗ 15 ನಿಮಿಷ ತೊಳಿಬೇಕು, ಖಾರ–ಸುಣ್ಣ–ಎಣ್ಣಿ ಏನೂ ಹಚ್ಚಬಾರದು, ಅವತ್ತ ಆಸ್ಪತ್ರಿಗೆ ಹೋಗಬೇಕು. ಸರ್ಕಾರಿ ಆಸ್ಪತ್ರಿಯಾಗ ಚರ್ಮದೊಳಗಿನ ಲಸಿಕೆ 0, 3, 7, 28ನೇ ದಿನ, ತೋಳಿಗೆ. ರಕ್ತ ಬಂದ ಗಾಯಕ್ಕ ಜೋಡಿ ಇಮ್ಯುನೋಗ್ಲಾಬ್ಯುಲಿನ್ (ತಯಾರಿರೋ ಪ್ರತಿಕಾಯದ ಮದ್ದು) ಬೇಕು. ಹೊಕ್ಕಳದ ಸುತ್ತ ಹದಿನಾಲ್ಕು ಸೂಜಿ ಅನ್ನೋದು ಹಳೇ ಕಾಲದ್ದು. ಆ ಹೆದರಿಕಿಗೆ ಇವತ್ತಿಗೂ ಮನ್ಯಾಗ ಹೇಳದ ಮುಚ್ಚಿಡೋ ಹುಡುಗ್ರು ಅದಾರ.

ಜಾಹೀರಾತಿನ ಕಾನೂನೂ ಒಂದು ಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಪಟ್ಟಿಯಾಗ ಮಧುಮೇಹ, ಕ್ಯಾನ್ಸರ್, ಮೂರ್ಛೆರೋಗ, ಪಾರ್ಶ್ವವಾಯು, ಬೊಜ್ಜು, ಎತ್ತರ ಹೆಚ್ಚಸೋದು, ಹಿಂಗ 54 ಅವ. ಇವಕ್ಕ ಗುಣ ಮಾಡ್ತೀನಿ ಅಂತ ಜಾಹೀರಾತು ಕೊಡೋದ ಅಪರಾಧ, ಮದ್ದು ಯಾವ ಪದ್ಧತಿದಿದ್ರೂ. ಒಂದು ವಾರದ ಪೇಪರು, ಬಸ್ ಸ್ಟ್ಯಾಂಡಿನ ಗೋಡಿ ಪೋಸ್ಟರು ನೋಡಿ ಹುಡುಗ್ರು ಎಣಿಸ್ಲಿ. ಪೋಸ್ಟರ್ ಹಚ್ಚಿದವರಿಗೆ ಫೋನ್ ಮಾಡೋದು, ಜಗಳ ತಗಿಯೋದು ಮಾತ್ರ ಬ್ಯಾಡ.

ಸಾಧನಕೇರಿ

ಸಮಾಜ ವಿಜ್ಞಾನದ ಶಿಕ್ಷಕರನ್ನೂ ಕರೆದುಕೊಳ್ಳಿ. ಜೆನ್ನರ್ 1796, ಸಿಡುಬು ನಿರ್ಮೂಲನೆಯ ಘೋಷಣೆ 1980, ಭಾರತದ ಕೊನೆಯ ಕಾಡು ಪೋಲಿಯೋ ಪ್ರಕರಣ 2011ರ ಜನವರಿ, ಇವು ಎಲ್ಲ ಪುಸ್ತಕದಲ್ಲೂ ಇವೆ. ಇಲ್ಲಿಯದನ್ನು ಯಾರೂ ಹೇಳುವುದಿಲ್ಲ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಬಂದಾಗ, ಅದರ ಹಿಂದಿನ ವರ್ಷವಷ್ಟೇ ಮುಂಬೈಯಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಹಾಫ್‌ಕಿನ್ ತನ್ನ ಮೇಲೆ ಪರೀಕ್ಷಿಸಿಕೊಂಡ ಪ್ಲೇಗ್ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿಗೆ ಹಾಕಲಾಯಿತು. ವೈದ್ಯ ಲ್ಯೂಮನ್ ಅದರ ಮುಂದಾಳು. ಲಸಿಕೆಯ ದೊಡ್ಡ ಪ್ರಮಾಣದ ಆರಂಭದ ಅಂಕಿಅಂಶಗಳಲ್ಲಿ ಹುಬ್ಬಳ್ಳಿಯದೂ ಒಂದು.

ಪ್ಲೇಗ್ ಆಯೋಗ ಆಮೇಲೆ ಆ ಕಾಲದ ಅಂಕಿಅಂಶಗಳನ್ನು ಪರಿಶೀಲಿಸಿ, ಲಸಿಕೆಯಿಂದ ರೋಗವೂ ಸಾವೂ ಕಡಿಮೆಯಾಗಿವೆ, ಆದರೆ ಲೆಕ್ಕಗಳು ನಿಖರವಲ್ಲ ಎಂದಿತು. ತರಗತಿಗೆ ಬೇಕಾದದ್ದು ಈ "ಆದರೆ". ಹಾಕಿಸಿಕೊಂಡವರು, ಹಾಕಿಸಿಕೊಳ್ಳದವರು ಒಂದೇ ಥರದ ಜನವಾಗಿದ್ದರಾ? ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡವರನ್ನು ಯಾವ ಸಾಲಿಗೆ ಸೇರಿಸಬೇಕು? ಅಂತ ಮಕ್ಕಳೇ ಪ್ರಶ್ನೆ ಎತ್ತಲಿ.

1902ರ ಮಲ್ಕೋವಾಲ್ ಘಟನೆಯನ್ನೂ ಹೇಳಿ, ಮುಚ್ಚಿಡಬೇಡಿ. ಪಂಜಾಬಿನ ಆ ಹಳ್ಳಿಯಲ್ಲಿ ಒಂದೇ ಬಾಟಲಿಯ ಪ್ಲೇಗ್ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಕೆಲಸ ಹೋಯಿತು. ಬಾಟಲಿ ತೆರೆಯುವಾಗ ಕೆಳಗೆ ಬಿದ್ದ ಇಕ್ಕಳವನ್ನು ಸರಿಯಾಗಿ ಶುದ್ಧೀಕರಿಸದೆ ಬಳಸಿದ್ದು ಆಮೇಲೆ ಹೊರಬಂದು, 1907ರಲ್ಲಿ ಅವನ ಮೇಲಿನ ಆರೋಪ ಬಿತ್ತು. ಇವತ್ತು ಒಮ್ಮೆ ಒತ್ತಿದರೆ ಮತ್ತೆ ಎಳೆಯಲಾಗದ ಸಿರಿಂಜ್, ಸೀಸೆಯ ಮೇಲೆ ತೆರೆದ ತಾರೀಕು, ಬ್ಯಾಚ್ ಸಂಖ್ಯೆ ಬರೆದಿಡುವುದು, ಇವೆಲ್ಲ ಯಾಕಿವೆ ಅನ್ನುವುದು ಇಂಥ ಸಾವುಗಳ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ.

ಗದಗ_ಪಿಎಚ್‌ಸಿ

ಸಾಧನಕೇರಿಯವರ ಕೊನೆಯ ಮಾತಿಗೆ ಸೇರಿಸುತ್ತೇನೆ. ಸಿಬ್ಬಂದಿ ಬಂದ ದಿನ ಎರಡು ಮಕ್ಕಳನ್ನು ಮೇಜಿನ ಹತ್ತಿರ ಕರೆದು ಸೀಸೆ ತೋರಿಸಲು ಕೇಳಿ, ಕೆಲಸ ಶುರುವಾಗುವ ಮೊದಲು. ಲೇಬಲ್ ಮೇಲೆ ಒಂದು ವೃತ್ತ, ಅದರೊಳಗೆ ಚೌಕ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ಎರಡೂ ಒಂದೇ ಬಣ್ಣಕ್ಕೆ ಬಂದರೆ ಅಥವಾ ಚೌಕ ಇನ್ನೂ ಕಪ್ಪಾದರೆ ಎಸೆಯಬೇಕು. ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತದೆ, ಮತ್ತೆ ತಂಪಿಗಿಟ್ಟರೂ ತಿಳಿಯಾಗುವುದಿಲ್ಲ. ಆದರೆ ಆ ಚೌಕ ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್. ಟಿಡಿ ಮಂಜುಗಡ್ಡೆಯಾದರೆ ಅದರಲ್ಲಿನ ಅಲ್ಯೂಮಿನಿಯಂ ಲವಣದ ಕಣಗಳು ಗಂಟುಕಟ್ಟಿ ಲಸಿಕೆ ಕೆಡುತ್ತದೆ. ಅದಕ್ಕೇ ಐಸ್‌ಪ್ಯಾಕನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ಡಬ್ಬಿಗೆ ಹಾಕುವುದಿಲ್ಲ. ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರುವವರೆಗೆ ಹೊರಗಿಟ್ಟು, ಆಮೇಲೆ ನಾಲ್ಕು ಬದಿಗೆ ಜೋಡಿಸುತ್ತಾರೆ. ತಂಪು ಹೆಚ್ಚಿದ್ದಷ್ಟೂ ಒಳ್ಳೆಯದು ಅಂತ ಮಕ್ಕಳು ಅಂದುಕೊಂಡಿರುತ್ತಾರೆ, ಅಲ್ಲಿ ತಿದ್ದಿ.

ಬ್ಯಾಡಗಿ_ವಿಜ್ಞಾನ

ಬಹಳ ಉಪಕಾರ. ಚಾರ್ಟ್ ಕೈಬಿಟ್ಟೆ. ಮೊದಲ ಪಿರಿಯಡ್ ನೀರಿನ ಆಟ, ಎರಡನೆಯದು 1000 ಮಕ್ಕಳ ಲೆಕ್ಕ ಮತ್ತು ಕಾಮಣಿ–ನಾಯಿ, ಮೂರನೆಯದು ಸುಳ್ಳು ಜಾಹೀರಾತು. ಪ್ಲೇಗನ್ನು ಸಮಾಜ ವಿಜ್ಞಾನದವರಿಗೆ ಕೊಡುತ್ತೇನೆ. ಕೊನೆಯದೊಂದು: ಪಾಲಕರಿಗೆ ಕಳಿಸುವ ಒಪ್ಪಿಗೆ ಚೀಟಿಯಲ್ಲಿ ಏನಿರಬೇಕು?

ಗದಗ_ಪಿಎಚ್‌ಸಿ

ಅರ್ಧ ಹಾಳೆ ಸಾಕು. ಲಸಿಕೆಯ ಹೆಸರು, ಯಾವ ಎರಡು ರೋಗಕ್ಕೆ, ಯಾವ ದಿನ, ಯಾವ ಆರೋಗ್ಯ ಕೇಂದ್ರ. ಆಗಬಹುದಾದ್ದು: ಒಂದೆರಡು ದಿನ ತೋಳು ನೋವು, ಸ್ವಲ್ಪ ಬಾವು, ಕೆಲವರಿಗೆ ಸಣ್ಣ ಜ್ವರ. ಮೊದಲೇ ತಿಳಿಸಬೇಕಾದ್ದು: ಹಿಂದೆ ಯಾವುದೇ ಚುಚ್ಚುಮದ್ದಿಗೆ ತೀವ್ರ ಅಲರ್ಜಿ, ರಕ್ತ ನಿಲ್ಲದ ತೊಂದರೆ, ಅವತ್ತು ಜೋರು ಜ್ವರ. ಸಾಮಾನ್ಯ ನೆಗಡಿ ಇದ್ದರೆ ತಪ್ಪಿಸುವ ಅಗತ್ಯವಿಲ್ಲ ಅಂತಲೂ ಬರೆಯಿರಿ. ನಾಷ್ಟಾ ಮಾಡಿಸಿ ಕಳಿಸಿ, ತೋಳು ಮೇಲಕ್ಕೆ ಮಡಚಲು ಬರುವಂಥ ಅಂಗಿ ಇರಲಿ.

"ಏನೂ ಆಗುವುದಿಲ್ಲ" ಅನ್ನುವ ಸಾಲು ಬೇಡ. ರಾತ್ರಿ ತೋಳು ಊದಿದರೆ ಚೀಟಿಯ ಉಳಿದದ್ದನ್ನೂ ಸುಳ್ಳು ಅನ್ನುತ್ತಾರೆ. "ಕಡ್ಡಾಯ" ಅಂತಲೂ ಬರೆಯಬೇಡಿ, ಲಸಿಕೆ ಐಚ್ಛಿಕ. ಕೆಳಗೆ "ನಿಮ್ಮ ಪ್ರಶ್ನೆ" ಅಂತ ನಾಲ್ಕು ಸಾಲು ಖಾಲಿ ಬಿಡಿ. ಚೀಟಿ ಒಂದು ವಾರ ಮೊದಲೇ ಹೋಗಲಿ. ಪ್ರಶ್ನೆ ಬರೆದವರ ಪಟ್ಟಿಯನ್ನು ಮೂರು ದಿನ ಇರುವಾಗ ಆರೋಗ್ಯ ಕೇಂದ್ರಕ್ಕೆ ಕೊಟ್ಟರೆ ಆಶಾ ಅಥವಾ ಆರೋಗ್ಯ ಸುರಕ್ಷಾಧಿಕಾರಿ ಅವರ ಮನೆಗೇ ಹೋಗಿ ಮಾತಾಡಲು ಸಮಯ ಸಿಗುತ್ತದೆ. ಅವತ್ತು ಗೈರಾದ ಮಕ್ಕಳ ಪಟ್ಟಿಯನ್ನೂ ಅಂದೇ ಕೊಡಿ. ಅವರನ್ನು ಗುರುವಾರದ ಲಸಿಕಾ ದಿನಕ್ಕೆ ಕರೆಸಿಕೊಳ್ಳಬಹುದು.